ಪಾದರಸ ಇಳಿದ ಮೇಲೆ

ಮಾನಪ್ಪ ಪತ್ತಾರನ ತಲೆಯೊಳಗೆ ಪಾದರಸ ಎಲ್ಲೆಲ್ಲಿ ಮನೆ ಮಾಡಿಕೊಂಡಿದೆ ಎಂಬುದನ್ನು ಅವನ ಹೆಂಡತಿ ಕಾಳಮ್ಮ ಕಣ್ಣಾರೆ ಕಂಡದ್ದು ಧಾರವಾಡದ ಹೊರಗಿದ್ದ ಒಂದು ಸಂಶೋಧನಾಲಯದಲ್ಲಿ. ಅವನನ್ನು ಕುರ್ಚಿಯಲ್ಲಿ ಕೂರಿಸಿ, ಕೊಡೆಯಂಥ ಯಂತ್ರವೊಂದನ್ನು ತಲೆಯ ಮೇಲೆ ಇಳಿಸಿದ್ದರು. ಎದುರಿನ ಪರದೆಯಲ್ಲಿ ಅವನ ಮಿದುಳು ಬೂದುಬಣ್ಣದಲ್ಲಿ ಮೂಡಿತು. ಅದರ ತುಂಬ ಬೆಳ್ಳಿಯ ಚುಕ್ಕೆಗಳು. ಒಂದು ಕಡೆ ವಿರಳ, ಇನ್ನೊಂದು ಕಡೆ ಸಾಸಿವೆ ಚೆಲ್ಲಿದ ಹಾಗೆ ದಟ್ಟ.

“ಇಷ್ಟೂ ಇವರ ತಲಿಯೊಳಗ ಐತೇನ್ರಿ?” ಕಾಳಮ್ಮ ಕೇಳಿದಳು.

“ಹೌದ್ರಿ ಅವ್ವಾರ. ಉಸಿರಿನ ಕೂಡ ಒಳಗ ಹೋಗೇತಿ. ಹೊರಗ ಬರಾಕ ಹಾದಿ ಸಿಕ್ಕಿಲ್ಲ,” ಎಂದಳು ಡಾ. ರೆಹಾನಾ ಇನಾಮದಾರ. ವಿಜಯಪುರದ ಕಡೆಯ ಹೆಣ್ಣುಮಗಳು, ರಸಾಯನಶಾಸ್ತ್ರ ಓದಿದವಳು. ಮಿದುಳಿಗಿಳಿದ ಪಾದರಸವನ್ನು ಹೊರಗೆ ತೆಗೆಯುವ ಔಷಧವೊಂದನ್ನು ಅವಳ ಗುಂಪು ವರ್ಷಗಟ್ಟಲೆ ಹೆಣಗಿ ಕಟ್ಟಿತ್ತು. ಮನುಷ್ಯರ ಮೇಲೆ ಅದರ ಪ್ರಯೋಗ ಆಗಷ್ಟೇ ಸುರುವಾಗಿತ್ತು.

ಮಾನಪ್ಪ ಯಾರ ಮುಖವನ್ನೂ ನೋಡದೆ, ನಡುಗುವ ಕೈಗಳನ್ನು ತೊಡೆಯ ನಡುವೆ ಒತ್ತಿಹಿಡಿದು ಕೂತಿದ್ದ. “ಮುಗೀತಿಲ್ಲೋ? ತಗೀರಿ ಇದನ್ನ!” ಎಂದು ಗುಡುಗಿದ. ಪಕ್ಕದಲ್ಲಿದ್ದ ನರ್ಸ್ ಬೆಚ್ಚಿಬಿದ್ದಳು. ಕಾಳಮ್ಮ ಬೆಚ್ಚಲಿಲ್ಲ. ಅವಳಿಗೆ ಅದು ರೂಢಿಯಾಗಿ ಹೋಗಿತ್ತು.

ಗಜೇಂದ್ರಗಡದ ಪತ್ತಾರ ಓಣಿಯಲ್ಲಿ ಉಳಿದವರೆಲ್ಲ ಆಭರಣ ಮಾಡುವವರು. ಮಾನಪ್ಪ ಮಾತ್ರ ಕಸದೊಳಗಿನ ಬಂಗಾರ ತೆಗೆಯುವವನು. ಅಂಗಡಿಗಳಲ್ಲಿ ಗುಡಿಸಿಟ್ಟ ಧೂಳು, ಕುಲುಮೆಯ ಬೂದಿ, ಕೈ ತೊಳೆದ ನೀರಿನ ರಾಡಿ, ಎಲ್ಲ ಕೊನೆಗೆ ಅವನ ಮನೆಗೆ ಬರುತ್ತಿತ್ತು. ಅದನ್ನು ಸುಟ್ಟು, ತೊಳೆದು, ಪಾದರಸ ಹಾಕಿ ನಾದಿದರೆ ಕಣ್ಣಿಗೆ ಕಾಣದ ಬಂಗಾರದ ಕಣಗಳನ್ನೆಲ್ಲ ಪಾದರಸ ಒಟ್ಟುಗೂಡಿಸಿ ಹಿಡಿದುಕೊಳ್ಳುತ್ತದೆ. ಬಟ್ಟೆಯಲ್ಲಿ ಹಿಂಡಿ, ಉಳಿದ ಉಂಡೆಯನ್ನು ಕೆಂಡದ ಮೇಲಿಟ್ಟು ಊದಿದರೆ ಪಾದರಸ ಹೊಗೆಯಾಗಿ ಹಾರುತ್ತದೆ, ಬಂಗಾರದ ಗುಂಡು ಉಳಿಯುತ್ತದೆ. ಪಡಸಾಲೆಯ ಪಕ್ಕದ ಕಿಟಕಿಯಿಲ್ಲದ ಕೋಣೆಯಲ್ಲಿ, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡು, ಅವನು ಮೂವತ್ತು ವರ್ಷ ಇದೇ ಕೆಲಸ ಮಾಡಿದ. ಪಾದರಸ ಮಾರುವುದೇ ಅಪರಾಧ ಎಂದು ಕಾಯ್ದೆ ಬಂದ ಮೇಲೆ ಕೆಲಸ ನಿಂತಿತು. ಹೊಗೆ ಮಾತ್ರ ಅವನ ತಲೆಯಿಂದ ಹೋಗಲಿಲ್ಲ.

ಮಿದುಳಿಗೊಂದು ಕಾವಲಿದೆ, ರಕ್ತದಲ್ಲಿ ಬಂದದ್ದನ್ನೆಲ್ಲ ಅದು ಒಳಗೆ ಬಿಡುವುದಿಲ್ಲ. ಪಾದರಸದ ಹೊಗೆ ಮಾತ್ರ ಆ ಕಾವಲಿನ ಕಣ್ಣು ತಪ್ಪಿಸಿ ನುಸುಳುತ್ತದೆ. ನುಸುಳಿದ್ದೇ ತಡ, ಅದರ ರೂಪ ಬದಲಾಗಿ ಹೊರಗೆ ಬರಲಾರದೆ ಹೋಗುತ್ತದೆ. ಬಲೆಗೆ ಬಿದ್ದ ಮೀನಿನ ಹಾಗೆ. ಹಳೆಯ ಔಷಧಗಳು ರಕ್ತದ ಪಾದರಸವನ್ನು, ಮೂತ್ರಪಿಂಡದ ಪಾದರಸವನ್ನು ಹಿಡಿದು ತರುತ್ತಿದ್ದವು, ಆದರೆ ಮಿದುಳಿನ ಬಾಗಿಲಲ್ಲೇ ನಿಂತುಬಿಡುತ್ತಿದ್ದವು. ರೆಹಾನಾಳ ಔಷಧದ ಅಣುವಿಗೆ ಗಂಧಕದ ಎರಡು ಕೈಗಳು. ಪಾದರಸಕ್ಕೆ ಗಂಧಕವೆಂದರೆ ಮೊದಲಿನಿಂದಲೂ ಮೋಹ. ಆ ಕೈಗಳನ್ನು ಮಡಚಿ, ಮೇಲೆ ಕೊಬ್ಬಿನ ಕಂಬಳಿ ಹೊದಿಸಿ ಕಳಿಸಿದರೆ ಕಾವಲು ಅದನ್ನು ತನ್ನದೇ ಎಂದು ಒಳಗೆ ಬಿಡುತ್ತದೆ. ಒಳಗೆ ಮಿದುಳಿನ ಕಿಣ್ವವೇ ಕಂಬಳಿ ಬಿಚ್ಚುತ್ತದೆ, ಕೈಗಳು ಚಾಚಿ ಪಾದರಸವನ್ನು ತಬ್ಬುತ್ತವೆ. ಹಾಗೆ ತಬ್ಬಿಕೊಂಡ ಜೋಡಿಯನ್ನು ಮಿದುಳು ಬೇಡದ ವಸ್ತುವೆಂದು ಗುರುತಿಸಿ ಹೊರಗೆ ನೂಕುತ್ತದೆ; ಪಿತ್ತದ ಜೊತೆ ಸೇರಿ ಅದು ಮೈಯಿಂದ ಇಳಿದು ಹೋಗುತ್ತದೆ.

“ಸಿಟ್ಟು, ಅನುಮಾನ, ಮಂದಿ ಕಂಡ್ರ ನಾಚಿಕಿ, ಕೈ ನಡುಗೋದು, ಇವೆಲ್ಲ ಆ ಚುಕ್ಕಿಗಳ ಕೆಲಸ ಇರಬಹುದ್ರಿ ಅವ್ವಾರ,” ಎಂದಳು ರೆಹಾನಾ. “ಇವರು ಮೊದಲಿಂದನೂ ಹಿಂಗ ಇದ್ರೇನು?”

“ಇಲ್ರಿ,” ಎಂದಳು ಕಾಳಮ್ಮ.

ಮೊದಲು ಅವನು ಹೇಗಿದ್ದ ಎಂಬುದನ್ನು ಅವಳು ನೆನೆಯುವುದನ್ನೇ ಬಿಟ್ಟಿದ್ದಳು. ಮದುವೆಯಾದ ಹೊಸತರಲ್ಲಿ ಅವನು ಅಮಾವಾಸ್ಯೆಯ ಭಜನೆಯಲ್ಲಿ ತಾಳ ಹಾಕುತ್ತಿದ್ದ. ಅತ್ತೆಗೆ ಕಾಣದ ಹಾಗೆ ಧೋತರದ ಮಡಿಕೆಯಲ್ಲಿ ಮಿರ್ಚಿಬಜಿ ತಂದು, “ಲಗೂನ ತಿನ್ನು, ಆರತೈತಿ,” ಎನ್ನುತ್ತಿದ್ದ. ಆ ಮನುಷ್ಯ ಯಾವತ್ತು ಹೋದ ಎಂದು ಕೇಳಿದರೆ ಅವಳಿಗೆ ಹೇಳಲು ಬರುವುದಿಲ್ಲ. ಮೊದಲು ಒಸಡಿನಲ್ಲಿ ರಕ್ತ ಬಂತು. ಆಮೇಲೆ ಭಜನೆ ಬಿಟ್ಟ. ಬೀಗರು ಬಂದರೆ ಹಿತ್ತಲಿಗೆ ಹೋಗಿ ಕೂರತೊಡಗಿದ. ಒಂದು ದಿನ ಪಲ್ಯಕ್ಕೆ ಉಪ್ಪು ಹೆಚ್ಚಾಯಿತೆಂದು ತಾಟು ಗೋಡೆಗೆ ಬಡಿಯಿತು. ಇನ್ನೊಂದು ದಿನ ಉಪ್ಪು ಸರಿಯಿದ್ದರೂ ಬಡಿಯಿತು. ಕಾಳಮ್ಮ ಮೆಲ್ಲಗೆ ಕಲ್ಲಾದಳು. ಕಲ್ಲಿಗೆ ಪೆಟ್ಟು ತಾಗುವುದು ಕಡಿಮೆ.

ಅವರಿಗೆ ಒಬ್ಬನೇ ಮಗ, ನಾಗಲಿಂಗ. ಅಪ್ಪನ ಕೆಲಸ ಕಲಿಯಬೇಕೆಂದು ಅವನಿಗೆ ಆಸೆ. ಮಾನಪ್ಪ ಅವನನ್ನು ಆ ಕೋಣೆಯ ಹೊಸ್ತಿಲು ದಾಟಲು ಒಂದು ದಿನವೂ ಬಿಡಲಿಲ್ಲ. “ಮಗನ ಮ್ಯಾಲೂ ನಂಬಿಗಿಲ್ಲ,” ಎಂದು ಕಾಳಮ್ಮ ಕುದಿಯುತ್ತಿದ್ದಳು. ಹುಡುಗನಿಗೆ ಮೀಸೆ ಮೂಡಿದ ಮೇಲೆ, ಒಂದು ಮಧ್ಯಾಹ್ನ ಅಪ್ಪ ಚಿಲಕ ಹಾಕಲು ಮರೆತು ಹಿತ್ತಲಿಗೆ ಹೋದಾಗ, ನಾಗಲಿಂಗ ಒಳಗೆ ಹೋಗಿ ಕುಲುಮೆಯ ಮುಂದೆ ಕೂತ. ಮಾನಪ್ಪ ತಿರುಗಿ ಬಂದು ನೋಡಿದರೆ ಮಗ ಒಳಗಿದ್ದಾನೆ, ಇಟ್ಟಿದ್ದ ಬಂಗಾರದ ಗುಂಡಿಲ್ಲ. ಇಕ್ಕಳದಿಂದ ಹೊಡೆದ. ಹೊಡೆಯುತ್ತಲೇ ಅವನನ್ನು ಓಣಿಯ ನಡುವಿಗೆ ಎಳೆದು ತಂದು, “ನೋಡ್ರಿ, ನನ್ನ ಮನ್ಯಾಗ ಕಳ್ಳ ಹುಟ್ಯಾನ!” ಎಂದು ಕೂಗಿದ. ನಾಗಲಿಂಗ ಅವತ್ತೇ ಮನೆ ಬಿಟ್ಟ. ಕೆಲವು ದಿನ ಕಳೆದು ನೆಲ ಸಾರಿಸುವಾಗ ಗುಂಡು ಕುಲುಮೆಯ ಬಿರುಕಿನಲ್ಲಿ ಕಾಳಮ್ಮನಿಗೇ ಸಿಕ್ಕಿತು. ಅದನ್ನು ತಂದು ಗಂಡನ ಮುಂದಿಟ್ಟಳು. ಅವನು ನೋಡಿದ. ಮುಖ ಗೋಡೆಯ ಕಡೆ ತಿರುಗಿಸಿಕೊಂಡ.

ನಾಗಲಿಂಗ ಬೋರ್‌ವೆಲ್ ಲಾರಿಯಲ್ಲಿ ಕೆಲಸಕ್ಕೆ ಸೇರಿದ್ದ. ಕಾಳಮ್ಮ ಫೋನಿನಲ್ಲಿ ಅತ್ತು ಕರೆದರೆ, “ಅಪ್ಪ ಒಮ್ಮೆ ಬಾ ಅನ್ನಲಿ ಬೇ. ಅವತ್ತ ಬರ್ತೀನಿ,” ಎಂದ. ಆಮೇಲೆ ಎಷ್ಟೋ ಸಲ ಮಾನಪ್ಪ ಫೋನು ಕೈಗೆತ್ತಿಕೊಂಡು, ದಿಟ್ಟಿಸಿ, ಮತ್ತೆ ಗೋಡೆಯ ಗೂಡಿನಲ್ಲಿಡುವುದನ್ನು ಅವಳು ಕಂಡಿದ್ದಳು. ಸೊಕ್ಕು ಎಂದುಕೊಂಡಳು. ಅನಂತಪುರದ ಆಚೆ ಲಾರಿ ಮಗುಚಿದ ಸುದ್ದಿ ಬಂದಾಗ ಅವಳು ತಮ್ಮನ ಜೊತೆ ಹೋಗಿ, ಪರ ಊರಲ್ಲೇ ಮಗನನ್ನು ಮಣ್ಣು ಮಾಡಿ ಬಂದಳು. ಮಾನಪ್ಪ ಬರಲಿಲ್ಲ. ಅವಳು ತಿರುಗಿ ಬಂದು ಹೊಸ್ತಿಲಲ್ಲಿ ನಿಂತಾಗ, “ಕಳ್ಳ ಹ್ವಾದ?” ಎಂದು ಕೇಳಿ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡ.

ಅಂದಿನಿಂದ ಅವಳು ಅವನಿಗೆ ರೊಟ್ಟಿ ಬಡಿದು ಹಾಕಿದಳು. ಅಷ್ಟೇ.

ಧಾರವಾಡಕ್ಕೆ ಕರೆತಂದದ್ದೂ ಗಂಡ ನೆಟ್ಟಗಾಗಲಿ ಎಂಬ ಆಸೆಯಿಂದಲ್ಲ. ಅವನ ಕೈ ಎಷ್ಟು ನಡುಗತೊಡಗಿತ್ತೆಂದರೆ ತುತ್ತು ಬಾಯಿಗೆ ಹೋಗುತ್ತಿರಲಿಲ್ಲ. ಅವಳೇ ತಿನ್ನಿಸಬೇಕಾಗಿತ್ತು. ಆ ಬಾಯಿಗೆ ತನ್ನ ಕೈಯಾರೆ ತುತ್ತಿಡುವುದು ಅವಳಿಂದ ಆಗುತ್ತಿರಲಿಲ್ಲ.

ವಾರಕ್ಕೊಮ್ಮೆ ಬಸ್ಸು ಹತ್ತಿ ಬಂದು, ಸಲಾಯಿನ್ ಬಾಟಲಿಯಲ್ಲಿ ಔಷಧ ಏರಿಸಿಕೊಂಡು ಹೋಗಬೇಕಿತ್ತು. ಮೊದಮೊದಲು ಮಾನಪ್ಪನ ಬಾಯೆಲ್ಲ ತಾಮ್ರದ ರುಚಿ. ಕಣ್ಣಲ್ಲಿ ಸುಮ್ಮಸುಮ್ಮನೆ ನೀರು. ಆಮೇಲೆ ಒಂದು ಬೆಳಗ್ಗೆ ಅವನು ಚಹಾದ ಬಟ್ಟಲನ್ನು ಒಂದು ಹನಿಯೂ ಚೆಲ್ಲದೆ ತುಟಿಗೆ ಒಯ್ದ. ಅದಾದ ಕೆಲವು ದಿನಕ್ಕೆ, ಉಣ್ಣಲು ಕೂತವನು ಕೈ ತಡೆದು ಕೇಳಿದ:

“ನೀ ಉಂಡೇನ?”

ಕಾಳಮ್ಮನಿಗೆ ಮಾತು ಕೇಳಿಸಿತು, ತಿಳಿಯಲಿಲ್ಲ. ಯಾರನ್ನು ಕೇಳುತ್ತಿದ್ದಾನೆ ಎಂದು ಹಿಂದೆ ತಿರುಗಿ ನೋಡಿದಳು. ತನ್ನನ್ನೇ ಎಂದು ಗೊತ್ತಾದಾಗ ಎದ್ದು ಹಿತ್ತಲಿಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಪರದೆಯ ಮೇಲಿನ ಚುಕ್ಕೆಗಳು ಪ್ರತಿ ಸಲವೂ ಕಡಿಮೆಯಾಗುತ್ತಿದ್ದವು. ರೆಹಾನಾಳ ಮುಖ ಅರಳುತ್ತಿತ್ತು. ಸುದ್ದಿ ಪತ್ತಾರ ಓಣಿಯಲ್ಲಿ ಹಬ್ಬಿತು. ಹೆಂಡತಿಯ ಮೇಲೆ ಕೈ ಮಾಡುವವರೆಲ್ಲ, “ನಂದೂ ಪಾದರಸ ಇರಬೇಕು,” ಎನ್ನತೊಡಗಿದರು. ಜೀವಮಾನದಲ್ಲಿ ಪಾದರಸ ಮುಟ್ಟದವರೂ ಅಂದರು. ಪಕ್ಕದ ಮನೆಯ ನೀಲವ್ವ ಕಟ್ಟೆಯ ಮೇಲೆ ಕೂತು, “ನಿನ್ನ ಗಂಡನ ಸಿಟ್ಟು ಇಳಿಸಾಕ ಧಾರವಾಡದಾಗ ಔಷಧ ಐತೆವ್ವ. ನನ್ನ ಗಂಡಂದು ಸಾರಾಯಿ ಅಂಗಡಿಯಿಂದ ಬಂದದ್ದು, ಅದಕ್ಕ ಯಾವ ಡಾಕ್ಟರ?” ಎಂದು ನಕ್ಕಳು. ಕಾಳಮ್ಮನಿಗೂ ನಗು ಬಂತು. ಆದರೆ ನೀಲವ್ವ ಮುಂದೆ ಹೇಳಿದ ಮಾತಿಗೆ ನಗು ನಿಂತಿತು. ಸಂಶೋಧನಾಲಯದ ತಪಾಸಣೆಯ ಗಾಡಿ ಓಣಿಗೆ ಬಂದಾಗ ಎಲ್ಲರಿಗಿಂತ ಹೆಚ್ಚು ಪಾದರಸ ಸಿಕ್ಕಿದ್ದು ಕೊನೆಯ ಮನೆಯ ಈರಣ್ಣನಲ್ಲಿ. ಪಾದರಸ ಬಳಸಿ ಬೆಳ್ಳಿಗೆ ಬಂಗಾರದ ನೀರು ಕೊಡುತ್ತಿದ್ದವನು. ಕೈ ನಡುಗುತ್ತವೆ, ಹಲ್ಲೆಲ್ಲ ಉದುರಿವೆ. ಆದರೆ ಹಾಲು ಕುಡಿದ ಬೆಕ್ಕಿಗೂ ಅವನು ಛೂ ಅಂದವನಲ್ಲ.

ಮುಂದಿನ ವಾರ ಮಾನಪ್ಪನಿಗೆ ಬಾಟಲಿ ಹಚ್ಚಿದ ಮೇಲೆ ಕಾಳಮ್ಮ ಹೊರಗೆ ಬಂದು ರೆಹಾನಾಳನ್ನು ನಿಲ್ಲಿಸಿದಳು.

“ಡಾಕ್ಟರ್ ಅಕ್ಕಾರ, ಒಂದು ಕೇಳ್ತೀನಿ, ಖರೇ ಹೇಳ್ರಿ. ನನ್ನ ಮಗನ್ನ ಹೊಡದು ಹೊರಗ ಹಾಕಿದ್ದು ಪಾದರಸನೋ, ಇವರೋ?”

ಮಗನ ಸಂಗತಿ ರೆಹಾನಾಳಿಗೆ ಗೊತ್ತಿತ್ತು. ಮೊದಲ ದಿನವೇ ಕೇಳಿ ತಿಳಿದುಕೊಂಡಿದ್ದಳು.

“ಪಾದರಸ ಇಲ್ದಿದ್ರ ಇವರು ಹಂಗ ಮಾಡ್ತಿದ್ದಿಲ್ಲ ಅಂತ ಅನಸ್ತೈತ್ರಿ,” ಎಂದಳು.

“ಈರಣ್ಣಗ ಇವರಿಗಿಂತ ಜಾಸ್ತಿ ಐತಂತ. ಅವ ಯಾಕ ಹೊಡೀಲಿಲ್ಲ?”

“ಒಂದ ವಿಷ ಎಲ್ಲಾರ ತಲಿಯೊಳಗೂ ಒಂದ ಕೆಲಸ ಮಾಡಂಗಿಲ್ರಿ.” ಆಕೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. “ಅವ್ವಾರ, ಎಷ್ಟು ಪಾದರಸ ಇಳೀತು ಅಂತ ನಾ ತೂಗಿ ಹೇಳ್ತೀನಿ. ನೀವು ಕೇಳಿದ್ದನ್ನ ತೂಗೋ ತಕ್ಕಡಿ ನನ್ನ ಕಡೆ ಇಲ್ಲ.”

ಬಾಯಿಗೆ ಬಂದ ಹಿತವಾದ ಮಾತನ್ನು ಆಡಿ ಕಳಿಸಲಿಲ್ಲವಲ್ಲ ಎಂದು ಕಾಳಮ್ಮನಿಗೆ ಆಕೆಯ ಮೇಲೆ ವಿಶ್ವಾಸ ಹುಟ್ಟಿತು. ಸಮಾಧಾನವೇನೂ ಆಗಲಿಲ್ಲ.

ಸ್ವಲ್ಪ ದಿನಕ್ಕೆ ಸಂಶೋಧನಾಲಯದವರು ಮನೆಗೇ ಬಂದರು. ಗೋಡೆಯ ಸುಣ್ಣ, ನೆಲದ ಸಂದಿನ ಮಣ್ಣು, ಅಡಿಗೆಮನೆಯ ತೊಲೆಯ ಮಸಿ, ಎಲ್ಲ ಕೆರೆದು ಒಯ್ದರು. ಕಾಳಮ್ಮನ ರಕ್ತವನ್ನೂ ತೆಗೆದುಕೊಂಡರು. ಫಲಿತಾಂಶ ಬಂದಾಗ ರೆಹಾನಾಳೇ ಅಚ್ಚರಿಪಟ್ಟಳು. ಕೋಣೆಯ ಗೋಡೆಯೊಳಗೆ ಗಣಿಯಲ್ಲಿದ್ದಷ್ಟು ಪಾದರಸ. ಒಂದೇ ಬಾಗಿಲಿನ ಆಚೆಗಿದ್ದ ಪಡಸಾಲೆಯಲ್ಲಿ ಹೆಸರಿಗಷ್ಟೇ. ಅಡಿಗೆಮನೆಯಲ್ಲಿ ಇಲ್ಲವೇ ಇಲ್ಲ. ಕಾಳಮ್ಮನ ರಕ್ತ ಸ್ವಚ್ಛ.

“ಬಾಗಿಲ ಬುಡಕ್ಕ ಏನರೆ ಹಾಕ್ತಿದ್ರೇನು?” ರೆಹಾನಾ ಕೇಳಿದಳು.

ಕಾಳಮ್ಮ ಗಂಡನ ಕಡೆ ನೋಡಿದಳು. ಮಾನಪ್ಪ ನೆಲ ನೋಡುತ್ತಲೇ, “ತಟ್ಟಿನ ಚೀಲ ಹಸಿ ಮಾಡಿ ಒತ್ತತಿದ್ದೆ,” ಎಂದ. “ಹೊಗಿ ಎಳೆ ಮಕ್ಕಳಿಗೆ ಆಗಂಗಿಲ್ಲಂತ ನಮ್ಮಪ್ಪ ಹೇಳಿದ್ದ. ಮನ್ಯಾಗ ಕೂಸಿತ್ತು. ಅದಕ್ಕ ಚಿಲಕ ಹಾಕೋದು ರೂಢಿ ಆತು.”

ಕೂಸು ದೊಡ್ಡವನಾದ ಮೇಲೂ ಆ ಬಾಗಿಲು ತೆರೆಯಲಿಲ್ಲ. ಯಾಕೆ ಎಂದು ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ. ಮಗ ಕೋಣೆಯಲ್ಲಿ ಕಂಡ ಕೂಡಲೇ ಇವನ ತಲೆಗೆ ಮೊದಲು ಬಂದದ್ದು ಹೊಗೆಯೋ, ಕಳ್ಳತನವೋ? ಈ ಪ್ರಶ್ನೆ ಕಾಳಮ್ಮನೊಳಗೇ ಉಳಿಯಿತು. ಮಗನಿಗೆ ಹೊಗೆ ತಾಗಬಾರದೆಂದು ವಿಷವನ್ನೆಲ್ಲ ತಾನೊಬ್ಬನೇ ಕುಡಿದವನು, ಆ ವಿಷ ತಲೆಗೇರಿ ಅದೇ ಮಗನನ್ನು ಬೀದಿಗೆ ಹಾಕಿದ. ಇಷ್ಟು ದಿನ ಒಬ್ಬ ಕೆಟ್ಟ ಗಂಡಸಿನ ಮೇಲೆ ಸಿಟ್ಟು ಹಿಡಿದು ಬದುಕುವುದಾದರೂ ಸಲೀಸಾಗಿತ್ತು ಎಂದು ಅವಳಿಗೆ ಅನಿಸಿತು.

ಮಾನಪ್ಪನ ಕೈಯ ನಡುಕ ನಿಂತಿತು, ಸಿಟ್ಟು ನಿಂತಿತು. ಕಟ್ಟೆಯ ಮೇಲೆ ಕೂತು ಹೋಗಿ ಬರುವವರನ್ನು ಮಾತಾಡಿಸುವಷ್ಟಾದ. ನೆನಪು ಮಾತ್ರ ಎಲ್ಲೂ ಹೋಗಿರಲಿಲ್ಲ. ಪಾದರಸ ಇದ್ದಾಗ ಅದು ಮಂಜಿನಾಚೆ ಬಿದ್ದ ಕಲ್ಲಿನಂತಿತ್ತು. ಈಗ ಮಂಜು ಕರಗಿತು, ಕಲ್ಲು ಎದುರಿಗೇ ಬಂತು. ಒಂದು ಮಧ್ಯಾಹ್ನ ಕಾಳಮ್ಮ ಕಿರಾಣಿ ತಂದು ಒಳಗೆ ಬಂದಾಗ ಅವನು ಗೂಡಿನಿಂದ ಫೋನು ತೆಗೆದುಕೊಂಡು ಕಿವಿಗೆ ಹಚ್ಚಿ ನಿಂತಿದ್ದ. ನೀವು ಕರೆ ಮಾಡಿದ ಸಂಖ್ಯೆ ಬಳಕೆಯಲ್ಲಿಲ್ಲ ಎಂದು ಹೆಣ್ಣುದನಿ ಹೇಳುತ್ತಿತ್ತು. ಮುಗಿದ ಮೇಲೆ ಅವನು ಮತ್ತೆ ಅದೇ ನಂಬರು ಒತ್ತಿದ. ಮತ್ತೆ ಕೇಳಿದ. ಅವಳು ಹೋಗಿ ಫೋನನ್ನು ಕೈಯಿಂದ ಬಿಡಿಸಿಕೊಂಡಳು.

“ಕರೀಬೇಕಿತ್ತು,” ಎಂದ ಮಾನಪ್ಪ. “ಬಾ ಅಂತ ಒಂದು ಮಾತು. ಫೋನ್ ಹಿಡಿದ್ರ ನಾಚಿಕಿ ಬಂದು ನಾಲಿಗಿ ಒಣಗತಿತ್ತು, ಕಾಳಿ. ಸ್ವಂತ ಮಗನ ಕೂಡ ಮಾತಾಡಾಕ ಎಂಥಾ ನಾಚಿಕಿ?”

ಅವನು ಗೋಡೆಗೊರಗಿ ಕುಸಿದು ಕೂತು ಅತ್ತ. ಆ ಅಳುವನ್ನು ಅವಳು ಹಿಂದೆಂದೂ ಕೇಳಿರಲಿಲ್ಲ. ಬೆನ್ನ ಮೇಲೆ ಕೈ ಇಡಬೇಕೆನಿಸಿತು, ಕೈ ಏಳಲಿಲ್ಲ. ಅವನ ತಲೆಯಿಂದ ಪಾದರಸ ಇಳಿಸಲು ಔಷಧವಿತ್ತು. ಅವಳೊಳಗೆ ಗಟ್ಟಿಯಾಗಿ ಕೂತದ್ದು ಪಾದರಸವಾಗಿರಲಿಲ್ಲ.

ಆಮೇಲೆ ಅವನು ಉಣ್ಣುವುದನ್ನು ಕಡಿಮೆ ಮಾಡಿದ. ಔಷಧದ ಮೊದಲ ಸುತ್ತು ಮುಗಿದಿತ್ತು. ಮಿದುಳಿನ ಆಳದಲ್ಲಿ ಉಳಿದದ್ದನ್ನು ತೆಗೆಯುವ ಎರಡನೆಯ ಸುತ್ತು ಸುರುವಾಗಬೇಕಿದ್ದ ದಿನ, ಹಾಸಿಗೆಯ ಅಂಚಿಗೆ ಕೂತು ಮಾನಪ್ಪ ಕೈ ಮುಗಿದ.

“ಇಲ್ಲಿಗೆ ಸಾಕ್ರಿ. ಮುಂದ ಬ್ಯಾಡ.”

ರೆಹಾನಾ ಅವನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು. ಒಬ್ಬರು ಬಿಟ್ಟರೂ ಅವಳ ಪ್ರಯೋಗಕ್ಕೆ ಪೆಟ್ಟು. ಅದನ್ನು ಹೇಳಲಿಲ್ಲ. “ಬಿಡೋ ಹಕ್ಕು ನಿಮಗ ಐತ್ರಿ ಯಜಮಾನ್ರ. ಆದ್ರ ಈಗ ಬಿಟ್ರ, ಆಳದಾಗ ಉಳಿದದ್ದು ಮತ್ತ ಮ್ಯಾಲೆ ಹರಡತೈತಿ. ಮೊದಲಿನಷ್ಟಲ್ದಿದ್ರೂ ಸಿಟ್ಟು ಬರತೈತಿ, ಮನಸ್ಸು ಮಂಕಾಗತೈತಿ.”

“ಆಗಲಿ. ಮಂಕಾದ್ರ ಚೊಲೊ. ಆವಾಗ ಇದು ಇಷ್ಟು ಸುಡತಿದ್ದಿಲ್ಲ. ಮಗನ ಮಣ್ಣಿಗೂ ಹೋಗದಾವ ನೆಟ್ಟಗಾಗಿ ಏನ ಮಾಡ್ಲಿ? ಈಕಿನ್ನ ಕೇಳ್ರಿ. ಈಕಿ ಹೂಂ ಅಂದ್ರ ತಗೋತೀನಿ, ಬ್ಯಾಡಂದ್ರ ಬಿಡ್ತೀನಿ. ಮಗ ಈಕಿಂದೂ ಹೌದು.”

ಇಬ್ಬರೂ ಕಾಳಮ್ಮನ ಕಡೆ ನೋಡಿದರು. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಬೇಡ ಎಂದುಬಿಟ್ಟರೆ ಹಳೆಯ ಮನುಷ್ಯ ತಿರುಗಿ ಬರುತ್ತಾನೆ. ಅವನ ಜೊತೆ ಬದುಕುವುದು ಅವಳಿಗೆ ಗೊತ್ತಿತ್ತು. ರೊಟ್ಟಿ ಹಾಕಿದರೆ ಸಾಕು, ಬೇರೇನೂ ಕೊಡಬೇಕಾಗಿಲ್ಲ. ಹೂಂ ಎಂದರೆ ಅಳುವ ಈ ಮನುಷ್ಯ ಉಳಿಯುತ್ತಾನೆ. ಇವನನ್ನು ಏನು ಮಾಡುವುದೋ ಅವಳಿಗೆ ತಿಳಿಯದು. ಇವನಿಗೆ ಶಿಕ್ಷೆಯಾಗಲಿ ಎಂದು ಒಂದು ಮನಸ್ಸು. ಇವನು ಮತ್ತೆ ಹೋಗದಿರಲಿ ಎಂದು ಇನ್ನೊಂದು ಮನಸ್ಸು. ಎರಡೂ ಹೂಂ ಎನ್ನು ಎಂಬ ಒಂದೇ ಮಾತನ್ನು ಹೇಳುತ್ತಿದ್ದವು.

“ತಗೋರಿ,” ಎಂದಳು. “ಇಷ್ಟು ವರ್ಷ ಅವನ ಸಲುವಾಗಿ ಅಳಾಕ ನಾ ಒಬ್ಬಾಕೀನ ಇದ್ದೆ. ಇನ್ನ ನೀವೂ ಅಳ್ರಿ.”

ಮಾನಪ್ಪ ಅಂಗಿಯ ತೋಳು ಮಡಚಿ ಕೈ ಚಾಚಿದ. ನರ್ಸ್ ಸೂಜಿ ಚುಚ್ಚಿದಳು. ಔಷಧ ಹನಿಹನಿಯಾಗಿ ಇಳಿಯತೊಡಗಿತು. ರೆಹಾನಾ ಎದ್ದು ಹೊರಗೆ ಹೋದಳು.

ತಿರುಗಿ ಬರುವಾಗ ಬಸ್ಸಿನಲ್ಲಿ ಜಾಗ ಸಿಕ್ಕಿತು. ಮಾನಪ್ಪ ಕಿಟಕಿಯ ಬದಿಗೆ, ಕಾಳಮ್ಮ ಪಕ್ಕದಲ್ಲಿ. ಎರಡೂ ಕಡೆ ಕರಿಮಣ್ಣಿನ ಎರಿಭೂಮಿ, ಕಡಲೆ ಹೂ ಬಿಟ್ಟಿತ್ತು. ನವಲಗುಂದ ಬಂದಾಗ ಬಸ್ಸಿನ ಮಂದಿ ನಾಗಲಿಂಗ ಅಜ್ಜನ ಮಠದ ಕಡೆ ತಿರುಗಿ ಕೈ ಮುಗಿದರು. ಮಗ ಹುಟ್ಟಿದಾಗ ಆ ಅಜ್ಜನ ಹೆಸರನ್ನೇ ಇಟ್ಟಿದ್ದರು. ಮಾನಪ್ಪನೂ ಕೈ ಮುಗಿದ. ಮುಗಿದ ಕೈಗಳನ್ನು ತೊಡೆಯ ಮೇಲೆ ಇಳಿಸಿ ಕೂತ. ಊರು ಹಿಂದೆ ಬಿದ್ದ ಮೇಲೆ, ಅವಳ ಕಡೆ ನೋಡದೆ ಕೇಳಿದ:

“ಅವನ್ನ ಮಣ್ಣು ಮಾಡಿದ ದಿನ ಏನೇನಾತು? ನಂಗ ಹೇಳು.”

ಇಷ್ಟು ವರ್ಷದಲ್ಲಿ ಅದನ್ನು ಅವಳ ಹತ್ತಿರ ಯಾರೂ ಕೇಳಿರಲಿಲ್ಲ. ಅವಳ ತಮ್ಮ ಜೊತೆಗಿದ್ದು ಕಣ್ಣಾರೆ ಕಂಡಿದ್ದ, ಅವನು ಕೇಳಬೇಕಾಗಿರಲಿಲ್ಲ. ಓಣಿಯವರು ಅವಳಿಗೆ ನೋವಾದೀತೆಂದು ಕೇಳಲಿಲ್ಲ. ಕಾಳಮ್ಮ ಸೆರಗನ್ನು ಭುಜದ ಮೇಲೆ ಎಳೆದುಕೊಂಡಳು.

“ಬಿಸಲು ಭಾಳ ಇತ್ತು,” ಎಂದಳು. “ಲಾರಿ ಹುಡುಗ್ರು ಅವನ ಮಾರಿ ಮ್ಯಾಲೆ ತಮ್ಮ ಟವೆಲ್ ಹೊಚ್ಚಿದ್ರು. ನಾ ತಗದು ನೋಡಿದೆ. ಮೀಸಿ ಚೊಲೊ ಬಂದಿತ್ತು ಅವಗ, ನಿಮ್ಮಂಗ...”

ಮಾನಪ್ಪ ಅವಳ ಕಡೆಗೆ ವಾಲಿ ಕಿವಿಗೊಟ್ಟ. ಬಸ್ಸಿನ ಸದ್ದಿನಲ್ಲಿ ಒಂದು ಮಾತೂ ತಪ್ಪಿಹೋಗದಿರಲೆಂದು ಅವಳು ದನಿ ಏರಿಸಿ, ನಿಧಾನವಾಗಿ ಹೇಳುತ್ತ ಹೋದಳು.